ನನ್ನ ಮದುವೆಯನ್ನು ಔಷಧಿ ಅಂತ ಬರೆದುಕೊಡಬೇಡಿ

ಕರ್ನಾಟಕದ ಆಪ್ತಸಮಾಲೋಚಕರಿಗೆ, ಮನೋವೈದ್ಯರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ಹೋದ ತಿಂಗಳು ಒಂದು ಭಾನುವಾರ ಊರಿನಿಂದ ಚಿಕ್ಕಮ್ಮನ ಫೋನ್ ಬಂತು. ಮೊದಲು ಅತ್ತರು. ಆಮೇಲೆ ಪಕ್ಕದ ಮನೆಗೆ ಕೇಳಬಾರದು ಅನ್ನೋ ಹಾಗೆ ದನಿ ತಗ್ಗಿಸಿ ಹೇಳಿದರು. "ನೀನೂ ಹಿಂಗೇ ಇದ್ದೆ ಅಲ್ವೇನೇ? ಈಗ ಗಂಡನ ಜೊತೆ ಚೆನ್ನಾಗಿಲ್ವಾ? ಇವಳಿಗೂ ಸ್ವಲ್ಪ ಬುದ್ಧಿ ಹೇಳು. ನಾನೂ ಮೊದ್ಲು ಹಿಂಗೇ ಇದ್ದೆ, ಮದ್ವೆ ಆದ್ಮೇಲೆ ಸರಿ ಹೋಯ್ತು ಅನ್ನು. ಅಷ್ಟು ಸಾಕು."

ಇವಳು ಅಂದರೆ ಚಿಕ್ಕಮ್ಮನ ಮಗಳು, ನನ್ನ ತಂಗಿ. 22 ವರ್ಷ. ಅವಳಿಗೆ ಹುಡುಗರೂ ಇಷ್ಟವಾಗುತ್ತಾರೆ, ಹುಡುಗಿಯರೂ ಇಷ್ಟವಾಗುತ್ತಾರೆ. ಈಗ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದಾಳೆ. ಅದನ್ನು ತಾನೇ ಅಮ್ಮನ ಹತ್ತಿರ ಹೇಳಿಕೊಂಡಳು. ಚಿಕ್ಕಮ್ಮ ಹೊಡೆಯಲಿಲ್ಲ. ಫೋನ್ ಕಿತ್ತುಕೊಳ್ಳಲಿಲ್ಲ. ಮಂತ್ರ ಹಾಕಿಸಲು ಕರೆದುಕೊಂಡು ಹೋಗಲಿಲ್ಲ. ಯಾರನ್ನೋ ವಿಚಾರಿಸಿ, ಬಸ್ಸು ಹತ್ತಿಸಿ, ಜಿಲ್ಲಾ ಕೇಂದ್ರದಲ್ಲಿರುವ ನಿಮ್ಮಂಥವರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ ತಾಯಿ ಅಷ್ಟು ಮಾಡಿದರಲ್ಲ, ಅದಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ ಇದೆ.

ಆ ಆಪ್ತಸಮಾಲೋಚಕರು ಮಗಳ ಜೊತೆ ಇಪ್ಪತ್ತು ನಿಮಿಷ ಮಾತಾಡಿದರು, ಅದೂ ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು. ಆಮೇಲೆ ಹೇಳಿದ್ದು ಇಷ್ಟು. "ಹುಡುಗರೂ ಇಷ್ಟ ಅಂತಿದ್ದಾಳಲ್ಲ, ಹಾಗಾದ್ರೆ ಹೆದರ್ಬೇಡಿ. ಬರೀ ಹುಡುಗಿಯರೇ ಅಂದಿದ್ರೆ ಕಷ್ಟ ಆಗ್ತಿತ್ತು. ಒಳ್ಳೆ ಹುಡುಗನ್ನ ನೋಡಿ ಬೇಗ ಮದ್ವೆ ಮಾಡಿ. ಇಂಥ ಕೇಸು ಎಷ್ಟೋ ಸರಿ ಹೋಗಿದಾವೆ." ಫೀಸು ಕೊಟ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ಚಿಕ್ಕಮ್ಮನಿಗೆ ನನ್ನ ನೆನಪಾಗಿದೆ. ಸರಿ ಹೋದ ಕೇಸು ನಮ್ಮ ಮನೆಯಲ್ಲೇ ಒಂದಿದೆಯಲ್ಲ ಅಂತ.

ಅದಕ್ಕೇ ಈ ಪತ್ರ. ಅವರ ಹೆಸರು, ಊರು ನಾನು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಯಾಕೆಂದರೆ ಇದೇ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. "ಎರಡೂ ಇಷ್ಟ ಅಂದ್ಮೇಲೆ ಸುಲಭದ್ದನ್ನೇ ಆರಿಸ್ಕೋ" ಅಂತ. ಕೇಳುವುದಕ್ಕೆ ಎಷ್ಟು ಸರಳವಾಗಿದೆ ಅಲ್ವಾ? ಒಂದು ಜೀವವನ್ನು ಹಾಳು ಮಾಡಲು ಅಷ್ಟು ಸಾಕು. ಒಂದಲ್ಲ, ಎರಡು ಜೀವ. ಆ ಎರಡನೆಯದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಆ 'ಸರಿ ಹೋದ' ಕತೆ ನಿಜಕ್ಕೂ ಏನು ಅಂತ ಕೇಳಿ.

ನನಗೆ ಈಗ 36. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಒಬ್ಬಳ ಜೊತೆ ಮೂರು ವರ್ಷ ಇದ್ದೆ. ಗೆಳತಿ ಅನ್ನುವ ಪದ ಅದಕ್ಕೆ ಸಾಲುವುದಿಲ್ಲ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆವು, ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೆವು. ಅವಳಿಗೆ ಜ್ವರ ಬಂದರೆ ನನಗೆ ಪುಸ್ತಕ ತೆರೆಯಲು ಆಗುತ್ತಿರಲಿಲ್ಲ. ಓದು ಮುಗಿಯಿತು. ಅವಳು ಕೆಲಸಕ್ಕೆ ಪುಣೆಗೆ ಹೋದಳು. ದಿನಾ ಬರುತ್ತಿದ್ದ ಫೋನ್ ವಾರಕ್ಕೊಂದಾಯಿತು, ಆಮೇಲೆ ನಿಂತಿತು. ಎಷ್ಟೋ ಪ್ರೀತಿಗಳು ಮುಗಿಯುವ ಹಾಗೆ ಅದೂ ಮುಗಿಯಿತು. ಅವಳು ಬರೆದ ಒಂದು ಪತ್ರ ಅಮ್ಮನ ಕೈಗೆ ಸಿಕ್ಕಿ ಮನೆಯಲ್ಲಿ ಗೊತ್ತಾದದ್ದೂ ಆಗಲೇ. ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನದಿಂದ ಆ ಮಾತನ್ನು ಯಾರೂ ಎತ್ತಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಬೆಂಗಳೂರಿನ ಆಫೀಸಿನಲ್ಲಿ ನನ್ನ ಗಂಡನ ಪರಿಚಯವಾಯಿತು. ಮದುವೆ ಮಾತು ಬಂದಾಗ ಮಲ್ಲೇಶ್ವರದ ಒಂದು ಹೋಟೆಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಕಾಫಿ ಆರಿ ಕೆನೆ ಕಟ್ಟಿತು, ಅವನು ಮುಟ್ಟಲಿಲ್ಲ. ಕೊನೆಗೆ ಕೇಳಿದ. "ಹಾಗಾದ್ರೆ ನಾನು ನಿನಗೆ ಯಾವತ್ತೂ ಅರ್ಧವೇನಾ? ಇನ್ನರ್ಧಕ್ಕೆ ಇನ್ನೊಬ್ಬರು ಬೇಕಾ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವನಿಗೆ ನಿಜವಾಗಿ ಭಯವಾಗಿತ್ತು. ನಾನು ಹೇಳಿದೆ, "ನಿನಗೆ ಹುಡುಗಿಯರು ಇಷ್ಟ. ಕಾಲೇಜಿನಲ್ಲಿ ಒಬ್ಬಳು ಇಷ್ಟವಾಗಿದ್ದಳು ಅಂತ ನೀನೇ ಹೇಳಿದ್ದೀಯ. ಹಾಗಂತ ನನ್ನನ್ನು ಮದುವೆಯಾದ ಮೇಲೆ ನಿನಗೆ ಉಳಿದ ಹುಡುಗಿಯರೆಲ್ಲ ಬೇಕೇ ಬೇಕಾ?" ಅವನು ಸುಮ್ಮನಾದ. ಮೂರು ದಿನ ಫೋನ್ ಮಾಡಲಿಲ್ಲ. ನಾಲ್ಕನೇ ದಿನ ಬಂದು, ಅವಳ ಹೆಸರೇನು ಅಂತ ಕೇಳಿದ. ಹೇಳಿದೆ. ಅವತ್ತು ನನಗೆ ಗೊತ್ತಾಯಿತು, ಈ ಮನುಷ್ಯನ ಜೊತೆ ನಾನು ಬದುಕಬಹುದು ಅಂತ.

ಮದುವೆಯಾಗಿ ಒಂಬತ್ತು ವರ್ಷ. ನನ್ನ ಗಂಡನನ್ನು ನಾನು ಪ್ರೀತಿಸುತ್ತೇನೆ. ಅವಳನ್ನು ಪ್ರೀತಿಸಿದ್ದೂ ಅಷ್ಟೇ ನಿಜ. ನನಗೆ ಹೆಂಗಸರ ಕಡೆಗೂ ಇರುವ ಒಲವು ತಾಳಿ ಕಟ್ಟಿದ ದಿನ ಹೋಗಲಿಲ್ಲ, ಮಗು ಹುಟ್ಟಿದಾಗಲೂ ಹೋಗಲಿಲ್ಲ. ಅದು ನನ್ನ ಎತ್ತರದ ಹಾಗೆ, ನನ್ನ ದನಿಯ ಹಾಗೆ ನನ್ನ ಜೊತೆಗೇ ಇದೆ. ಅದರಿಂದ ನನ್ನ ಸಂಸಾರಕ್ಕೆ ಯಾವ ತೊಂದರೆಯೂ ಆಗಿಲ್ಲ. ನನ್ನ ಸಂಸಾರ ಚೆನ್ನಾಗಿರುವುದಕ್ಕೆ ಕಾರಣ ನಾನು ಮುಂಚೆಯೇ ಹೇಳಿದ್ದೆ, ಅವನು ಕೇಳಿಸಿಕೊಂಡ, ಇಬ್ಬರೂ ನಮ್ಮಿಷ್ಟದಿಂದ ಒಪ್ಪಿದೆವು. ಈ ಮೂರನ್ನೂ ತೆಗೆದುಹಾಕಿ ಬರೀ ಮದುವೆಯನ್ನು ಮಾತ್ರ ತಂಗಿಗೆ ಬರೆದುಕೊಟ್ಟರೆ ಹೇಗೆ?

ಇನ್ನೊಂದು ಮಾತು ಹೇಳಬೇಕು, ಪದದ ಬಗ್ಗೆ. ಆ ದಿನ ಆಪ್ತಸಮಾಲೋಚಕರು ಚಿಕ್ಕಮ್ಮನಿಗೆ 'ದ್ವಿಲಿಂಗಿ' ಅನ್ನುವ ಪದ ಹೇಳಿದ್ದಾರೆ. ವಿವರಿಸಿಲ್ಲ. ಫೋನಿನಲ್ಲಿ ಚಿಕ್ಕಮ್ಮ ತುಂಬಾ ಹೊತ್ತು ಸುತ್ತಿ ಬಳಸಿ ಕೊನೆಗೆ ಕೇಳಿದ್ದೇನು ಗೊತ್ತಾ? "ಅವಳಿಗೆ ಸ್ಕ್ಯಾನಿಂಗ್ ಮಾಡಿಸ್ಬೇಕೇನೇ?" ಮಗಳ ಮೈಯಲ್ಲೇ ಏನೋ ಇದೆ ಅಂದುಕೊಂಡಿದ್ದಾರೆ. ತಪ್ಪು ಅವರದ್ದಲ್ಲ. ನಮ್ಮ ಹತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ದಾಸವಾಳ ದ್ವಿಲಿಂಗಿ ಹೂವು, ಪಪ್ಪಾಯ ಏಕಲಿಂಗಿ. ಒಂದೇ ಹೂವಿನಲ್ಲಿ ಕೇಸರವೂ ಶಲಾಕೆಯೂ ಇದ್ದರೆ ದ್ವಿಲಿಂಗಿ ಅಂತ ನಾವೆಲ್ಲ ಓದಿದ್ದೇವೆ. ಅದೇ ಪದವನ್ನು ತಂದು ಮನುಷ್ಯರಿಗೆ ಅಂಟಿಸಿದರೆ ಕೇಳಿದವರು ದೇಹದ ಬಗ್ಗೆಯೇ ಯೋಚಿಸುತ್ತಾರೆ. 'ಉಭಯಲಿಂಗಕಾಮಿ' ಅನ್ನುತ್ತಾರೆ ಕೆಲವರು. ಅದರಲ್ಲಿ ಕಾಮ ಅನ್ನುವುದೊಂದೇ ಕಿವಿಗೆ ಬೀಳುತ್ತದೆ, ಪ್ರೀತಿ ಎಲ್ಲಿಯೂ ಇಲ್ಲ. ಹೋಗಲಿ ಹುಡುಗರು ಇಂಗ್ಲಿಷಿನ ಬೈಸೆಕ್ಷುಯಲ್ ಪದವನ್ನು ಚಿಕ್ಕದು ಮಾಡಿ ಹೇಳುವ ಹಾಗೆ 'ಬೈ' ಅನ್ನೋಣ ಅಂದರೆ ಕನ್ನಡದಲ್ಲಿ ಬೈ ಅಂದರೆ ಬೇರೆಯೇ ಅರ್ಥ. ನಾನು ಚಿಕ್ಕಮ್ಮನಿಗೆ ಪದವೇ ಹೇಳಲಿಲ್ಲ. "ಅವಳ ಮೈಗೆ ಏನೂ ಆಗಿಲ್ಲ ಚಿಕ್ಕಮ್ಮ. ಅವಳ ಮನಸ್ಸಿಗೆ ಹಿಡಿಸುವವರು ಗಂಡೂ ಆಗಿರಬಹುದು, ಹೆಣ್ಣೂ ಆಗಿರಬಹುದು. ಅಷ್ಟೇ" ಅಂದೆ. ಅರ್ಥವಾಯಿತು. ಒಪ್ಪಿಗೆ ಆಗಲಿಲ್ಲ, ಆದರೆ ಅರ್ಥವಾಯಿತು. ಸ್ಕ್ಯಾನಿಂಗ್ ಮಾತು ಅಲ್ಲಿಗೆ ನಿಂತಿತು. ನೀವೂ ಹೀಗೆ ಎರಡು ವಾಕ್ಯದಲ್ಲಿ ಹೇಳಬಹುದಿತ್ತು.

ನಮ್ಮ ಬಗ್ಗೆ ಜನ ಏನೆಲ್ಲ ಅನ್ನುತ್ತಾರೆ ಅಂತ ನಿಮಗೆ ಗೊತ್ತಿರಲೇಬೇಕು, ಯಾಕೆಂದರೆ ಆ ಮಾತು ಹೊತ್ತುಕೊಂಡೇ ನಿಮ್ಮ ಬಾಗಿಲಿಗೆ ಬರುತ್ತೇವೆ. ಎರಡು ದೋಣಿಯಲ್ಲಿ ಕಾಲಿಟ್ಟವರು. ಎಡಬಿಡಂಗಿಗಳು. ಆಸೆಬುರುಕರು. ಯಾರ ಜೊತೆಗೂ ನಿಯತ್ತಾಗಿ ಇರದವರು. ವಯಸ್ಸಿನ ಹುಚ್ಚು, ನಾಳೆ ಇಳಿಯುತ್ತದೆ. ಗಂಡಸರ ಪಾಡು ಇನ್ನೂ ಕಷ್ಟ. ಗಂಡೊಬ್ಬ ನನಗೆ ಇಬ್ಬರೂ ಇಷ್ಟ ಅಂದರೆ, ಇವನಿಗೆ ನಿಜಕ್ಕೂ ಗಂಡಸೇ ಬೇಕು, ಹೇಳಲು ಧೈರ್ಯವಿಲ್ಲ ಅನ್ನುತ್ತಾರೆ. ಹೆಣ್ಣು ಅದನ್ನೇ ಹೇಳಿದರೆ, ಇವಳಿಗೂ ಕೊನೆಗೆ ಗಂಡಸೇ ಬೇಕು, ಸುಮ್ನೆ ಆಡುತ್ತಿದ್ದಾಳೆ ಅನ್ನುತ್ತಾರೆ. ನೋಡಿ, ಹೇಳಿದವರು ಯಾರೇ ಆಗಲಿ ತೀರ್ಪು ಕೊನೆಗೆ ಗಂಡಸಿನ ಕಡೆಗೇ. ಹೆಣ್ಣೊಬ್ಬಳ ಮೇಲಿನ ಪ್ರೀತಿ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮವರೇ ಅಂದುಕೊಂಡವರ ನಡುವೆಯೂ ಇದು ಇದೆ. ಬೆಂಗಳೂರಿನ ಒಂದು ಸಭೆಗೆ ಗಂಡನ ಜೊತೆ ಹೋಗಿದ್ದೆ. ನನ್ನ ಹಾಗೆ ಹೆಣ್ಣನ್ನು ಪ್ರೀತಿಸಿದವಳೊಬ್ಬಳು, ಮನೆಯಿಂದ ಹೊರಗೆ ಹಾಕಿಸಿಕೊಂಡವಳು, "ನಿಂಗೇನಮ್ಮ, ಗಂಡ ಇದ್ದಾನೆ, ನೀನು ಸೇಫ್" ಅಂದಳು. ಅವಳ ನೋವು ದೊಡ್ಡದು, ನಾನು ಎದುರು ಮಾತಾಡಲಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ನನಗೆ ಸಿಗುವ ಮರ್ಯಾದೆ ಅವಳಿಗೆ ಸಿಗುವುದಿಲ್ಲ ಅನ್ನುವುದು ನಿಜ. ಆದರೆ ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತೆ. ಆ ಕಡೆಯವರಿಗೆ ನಾನು ಸರಿ ಹೋದವಳು, ಈ ಕಡೆಯವರಿಗೆ ಬಿಟ್ಟು ಹೋದವಳು.

ಇದರಿಂದ ಏನಾಗುತ್ತದೆ ಅಂದರೆ ನಾವು ಹೇಳುವುದನ್ನೇ ಬಿಡುತ್ತೇವೆ. ಅಮೆರಿಕದ ಪ್ಯೂ ಎಂಬ ಸಂಶೋಧನಾ ಸಂಸ್ಥೆ 2013ರಲ್ಲಿ ಒಂದು ಸಮೀಕ್ಷೆ ಮಾಡಿತ್ತು. ಬದುಕಿನಲ್ಲಿ ಮುಖ್ಯವಾದ ಬಹುತೇಕರಿಗೆ ತಮ್ಮ ವಿಷಯ ಹೇಳಿಕೊಂಡಿದ್ದವರು ಸಲಿಂಗಿ ಗಂಡಸರಲ್ಲಿ ನೂರಕ್ಕೆ 77, ಸಲಿಂಗಿ ಹೆಂಗಸರಲ್ಲಿ 71. ನಮ್ಮಂಥವರಲ್ಲಿ ಬರೀ 28. ಅದೇ ಸಮೀಕ್ಷೆಯಲ್ಲಿ, ಸಂಬಂಧದಲ್ಲಿ ಇರುವ ನಮ್ಮಂಥವರಲ್ಲಿ ನೂರಕ್ಕೆ 84 ಜನರ ಸಂಗಾತಿ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು. ಹೊರಗಿನಿಂದ ನೋಡಿದರೆ ಎಲ್ಲರ ಹಾಗೆಯೇ ಒಂದು ಸಂಸಾರ. ಅದು ಅಲ್ಲಿನ ಲೆಕ್ಕ. ಮದುವೆಯನ್ನು ಮನೆಯವರೇ ನಿಶ್ಚಯ ಮಾಡುವ ನಮ್ಮ ಊರುಗಳಲ್ಲಿ, ಲಗ್ನಪತ್ರಿಕೆಯ ಹಿಂದೆ ಎಷ್ಟು ಜನ ಮರೆಯಾಗಿದ್ದಾರೋ ನೀವೇ ಯೋಚನೆ ಮಾಡಿ. ನಿಮ್ಮ ಹತ್ತಿರ ನಿದ್ದೆ ಬರಲ್ಲ, ಎದೆ ಹೊಡ್ಕೊಳ್ಳುತ್ತೆ ಅಂತ ಬರುವ ಗೃಹಿಣಿಯರಲ್ಲಿ ನನ್ನಂಥವರು ಇರುತ್ತಾರೆ. ನೀವು ಕೇಳುವುದಿಲ್ಲ, ಅವರು ಹೇಳುವುದಿಲ್ಲ.

ಮದುವೆ ಮಾಡಿದರೆ ಸುರಕ್ಷಿತ ಅಂತೀರಲ್ಲ, ಅದಕ್ಕೂ ಒಂದು ಲೆಕ್ಕ ಇದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 2010ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ, ಗಂಡು ಹೆಣ್ಣು ಇಬ್ಬರ ಮೇಲೂ ಒಲವಿರುವ ಹೆಂಗಸರಲ್ಲಿ ನೂರಕ್ಕೆ 61 ಜನ ಜೀವನದಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ಹೊಡೆತ, ಅತ್ಯಾಚಾರ ಅಥವಾ ಹಿಂಬಾಲಿಸಿ ಕಾಡುವುದನ್ನು ಅನುಭವಿಸಿದ್ದರು. ಗಂಡಸರ ಮೇಲೆ ಮಾತ್ರ ಒಲವಿರುವ ಹೆಂಗಸರಲ್ಲಿ ಅದು 35. ಇಷ್ಟು ಅಂತರ ಯಾಕೆ ಅಂತ ನನ್ನನ್ನು ಕೇಳಿದರೆ, ಅನುಮಾನ ಅನ್ನುತ್ತೇನೆ. ಇವಳು ಯಾರ ಜೊತೆ ಬೇಕಾದರೂ ಹೋಗುವವಳು ಅನ್ನುವ ಅನುಮಾನ. ಹಳೆಯ ವಿಷಯ ಮದುವೆಯಾದ ಮೇಲೆ ಗಂಡನಿಗೆ ಗೊತ್ತಾದರೆ ನಮ್ಮ ತಂಗಿಯರ ಗತಿ ಏನು? ಗೆಳತಿಯ ಜೊತೆ ಫೋನಿನಲ್ಲಿ ಮಾತಾಡಿದರೂ ತಪ್ಪು, ಗೆಳೆಯನ ಜೊತೆ ಮಾತಾಡಿದರೂ ತಪ್ಪು. ಮನೆಯ ನಾಲ್ಕು ಗೋಡೆ ಎಷ್ಟು ಬೇಗ ಜೈಲಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಎರಡನೇ ಜೀವ ಅಂದೆನಲ್ಲ, ಅದು ನೀವು ಹುಡುಕಲು ಹೇಳಿದ ಆ 'ಒಳ್ಳೆ ಹುಡುಗ'. ಅವನೂ ಯಾರದೋ ಮಗ. ಹೆಣ್ಣು ನೋಡಲು ಬರುತ್ತಾನೆ, ಉಪ್ಪಿಟ್ಟು ಕೇಸರಿಬಾತು ತಿನ್ನುತ್ತಾನೆ, ಒಪ್ಪುತ್ತಾನೆ. ಅವಳ ಮನಸ್ಸು ಇನ್ನೊಬ್ಬಳ ಹತ್ತಿರ ಇದೆ ಅಂತ ಅವನಿಗೆ ಯಾರೂ ಹೇಳುವುದಿಲ್ಲ. ಅವನನ್ನು ಔಷಧಿಯ ಸೀಸೆಯ ಹಾಗೆ ತಂದು ಅವಳ ಪಕ್ಕ ಇಡುತ್ತಾರೆ. ಅವನ ಕಡೆಯಿಂದ ಒಮ್ಮೆ ನೋಡಿ. ಹೀಗೆ ಮಾಡಿದ ಮದುವೆ ಮುರಿದಾಗ ಅವನೂ ನಿಮ್ಮಂಥವರ ಹತ್ತಿರವೇ ಬರಬೇಕು.

ಕಾನೂನೂ ನಿಮ್ಮ ವೃತ್ತಿಯೂ ಹೇಳಿರುವುದನ್ನು ನೆನಪಿಸುವ ಧೈರ್ಯ ಮಾಡುತ್ತೇನೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 18ನೇ ಸೆಕ್ಷನ್, ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಬಗ್ಗೆ ಕೊಟ್ಟ ತೀರ್ಪು ನಿಮಗೆಲ್ಲ ಗೊತ್ತು, ವಯಸ್ಕರು ಒಪ್ಪಿ ಇಟ್ಟುಕೊಳ್ಳುವ ಸಲಿಂಗ ಸಂಬಂಧ ಅಪರಾಧವಲ್ಲ ಅಂತ. ಆ ತೀರ್ಪಿಗೆ ಟಿವಿ, ರೇಡಿಯೋ, ಪತ್ರಿಕೆಗಳಲ್ಲಿ ಪ್ರಚಾರ ಕೊಡಬೇಕು ಅಂತ ನ್ಯಾಯಮೂರ್ತಿ ನಾರಿಮನ್ ಕೇಂದ್ರ ಸರ್ಕಾರಕ್ಕೆ ಹೇಳಿದ್ದರು. ನಮ್ಮ ಚಿಕ್ಕಮ್ಮನ ಮನೆಯಲ್ಲಿ ದಿನವಿಡೀ ಟಿವಿ ಓಡುತ್ತದೆ. ಅವರಿಗೆ ಇದರ ಒಂದಕ್ಷರವೂ ತಲುಪಿಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಲೈಂಗಿಕ ಒಲವನ್ನು ಬದಲಿಸುತ್ತೇವೆ ಅನ್ನುವ ಕನ್ವರ್ಷನ್ ಥೆರಪಿ ವೈದ್ಯರ ವೃತ್ತಿಗೆ ಸಲ್ಲದ ದುರ್ನಡತೆ ಅಂತ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. ನೀವು ಹೇಳಬಹುದು, ನಾವು ಕರೆಂಟ್ ಕೊಟ್ಟಿಲ್ಲ, ಮಾತ್ರೆ ಕೊಟ್ಟಿಲ್ಲ, ಬರೀ ಮದುವೆ ಮಾಡಿ ಅಂದೆವು ಅಂತ. ಮದುವೆಯಿಂದ ಒಲವು ಬದಲಾಗಲಿ ಅನ್ನುವ ಆಸೆಯಿಂದಲೇ ಅಲ್ವಾ ಹಾಗೆ ಹೇಳಿದ್ದು? ಕರೆಂಟಿನ ಪೆಟ್ಟಿಗೆಗಿಂತ ಇದು ಹೆಚ್ಚು ವರ್ಷ ಸುಡುತ್ತದೆ. 2024ರ ಮಾರ್ಚಿನಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೌನ್ಸೆಲಿಂಗ್ ಹೆಸರಿನಲ್ಲಿ ವ್ಯಕ್ತಿಯ ಗುರುತನ್ನೋ ಒಲವನ್ನೋ ಬದಲಿಸಲು ನ್ಯಾಯಾಲಯಗಳು ಹೋಗಬಾರದು ಅಂತ ಹೇಳಿತು. ನ್ಯಾಯಾಧೀಶರಿಗೇ ಆ ಗೆರೆ ಹಾಕಿದ ಮೇಲೆ ನಮಗೂ ನಿಮಗೂ ಅದು ಇಲ್ಲವೇ?

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಘಟನೆ. 2021ರಲ್ಲಿ ಮದ್ರಾಸ್ ಹೈಕೋರ್ಟಿಗೆ ಇಬ್ಬರು ಹುಡುಗಿಯರು ರಕ್ಷಣೆ ಕೇಳಿ ಬಂದರು. ವಿಚಾರಣೆ ಮಾಡುತ್ತಿದ್ದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಈ ವಿಷಯ ತನಗೆ ಪೂರ್ತಿ ಅರ್ಥವಾಗಿಲ್ಲ ಅಂತ ಒಪ್ಪಿಕೊಂಡರು. ತೀರ್ಪು ಬರೆಯುವ ಮುಂಚೆ ತಾವೇ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗಿ ಕೂತರು, ಕೇಳಿ ತಿಳಿದುಕೊಂಡರು, ಆಮೇಲೆ ಬರೆದರು. ಹೈಕೋರ್ಟಿನ ನ್ಯಾಯಮೂರ್ತಿಗೆ 'ನನಗೆ ಗೊತ್ತಿಲ್ಲ' ಅನ್ನಲು ಅವಮಾನವಾಗಲಿಲ್ಲ. ನೀವೂ ಅನ್ನಬಹುದು. ಗೊತ್ತಿಲ್ಲದಿದ್ದರೆ, "ಅಮ್ಮಾ, ನನಗೆ ಇದರ ಅನುಭವ ಕಡಿಮೆ, ಗೊತ್ತಿರುವವರ ಹತ್ತಿರ ಕಳಿಸುತ್ತೇನೆ" ಅಂದರೆ ಯಾರ ಕಣ್ಣಲ್ಲೂ ನೀವು ಸಣ್ಣವರಾಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದು ಆಗದಿದ್ದರೆ ಇನ್ನೆಲ್ಲಿ ಆಗಬೇಕು? ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಾರಿ ತೋರಿಸಿದ್ದು 1980ರ ದಶಕದ ಬಳ್ಳಾರಿ. ಅದರ ಹಿಂದೆ ಇದ್ದದ್ದು ನಮ್ಮ ನಿಮ್ಹಾನ್ಸ್. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸೇ ಕೇಂದ್ರ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು, ಮಧ್ಯರಾತ್ರಿಯಲ್ಲೂ. ಆ ಫೋನ್ ಎತ್ತುವವರಿಂದ ಹಿಡಿದು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರುವವರ ತನಕ, ಕಾಲೇಜಿನ ಕೌನ್ಸೆಲರ್ ತನಕ, ಗಂಡು ಹೆಣ್ಣು ಇಬ್ಬರನ್ನೂ ಇಷ್ಟಪಡುವ ಒಬ್ಬರು ಬಂದಾಗ ಹೇಗೆ ಮಾತಾಡಬೇಕು ಅನ್ನುವ ತರಬೇತಿ ಬೇಕು. ಸಲಿಂಗಿಗಳ ಬಗ್ಗೆ ಹೇಳಿಕೊಡುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದರೆ ಆಗುವುದಿಲ್ಲ. ನಮ್ಮ ಕಷ್ಟ ಬೇರೆ. ಸಲಿಂಗಿಗಳಿಗೆ ಬೇರೆ ದಾರಿ ಇಲ್ಲ ಅಂತಾದರೂ ಕೆಲವು ತಂದೆತಾಯಿ ಕೊನೆಗೆ ಒಪ್ಪುತ್ತಾರೆ. ನಮಗೆ ದಾರಿ ಇದೆ, ಹಠಕ್ಕೆ ಬೇಡ ಅನ್ನುತ್ತಿದ್ದೇವೆ ಅಂತ ಅವರಿಗೆ ಕಾಣುತ್ತದೆ. ಯಾರ ಮೇಲೆ ಪ್ರೀತಿ ಹುಟ್ಟಬಹುದು ಅನ್ನುವುದು ಬೇರೆ, ಯಾರ ಮೇಲೆ ಹುಟ್ಟಿದೆ ಅನ್ನುವುದು ಬೇರೆ ಅಂತ ಅವರಿಗೆ ಬಿಡಿಸಿ ಹೇಳುವವರು ಬೇಕು. ಆ ಕೆಲಸ ನಿಮ್ಮದು.

ಮಗಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿ. ಅವಳು ಹೇಳಿದ್ದನ್ನು ಅವಳ ಒಪ್ಪಿಗೆ ಇಲ್ಲದೆ ಹೊರಗೆ ಕೂತವರಿಗೆ ಹೇಳಬೇಡಿ. ನೂರಕ್ಕೆ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಅಂತ ಲೆಕ್ಕ ಕೇಳಬೇಡಿ. ನನ್ನನ್ನೂ ಒಮ್ಮೆ ಒಬ್ಬರು ಹಾಗೆ ಕೇಳಿದ್ದರು, ಏನು ಹೇಳಬೇಕು ಅಂತಲೇ ತಿಳಿಯಲಿಲ್ಲ. ಕೆಲವು ವರ್ಷ ಒಂದು ಕಡೆ ಜಾಸ್ತಿ ಇರಬಹುದು, ಕೆಲವು ವರ್ಷ ಇನ್ನೊಂದು ಕಡೆ. ಅದು ಗೊಂದಲ ಅಲ್ಲ. ರಾತ್ರಿ ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ ಅಂತ ಕೇಳಿ. ತಾಯಿ ಅಳುತ್ತಿದ್ದರೆ ತಾಯಿಗೂ ಸಮಯ ಕೊಡಿ. ಅವರ ಭಯ ಸುಳ್ಳಲ್ಲ. ನೆಂಟರು ಏನಂತಾರೆ, ವಯಸ್ಸಾದ ಮೇಲೆ ಮಗಳಿಗೆ ಯಾರು ದಿಕ್ಕು ಅಂತ ಅವರ ಹೊಟ್ಟೆ ಉರಿಯುತ್ತಿರುತ್ತದೆ. ಇಬ್ಬರು ಹೆಂಗಸರ ಮದುವೆಗೆ ಕಾನೂನು ಇನ್ನೂ ಒಪ್ಪಿಲ್ಲ, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಸಂಸತ್ತಿಗೆ ಬಿಟ್ಟಿತು. ಆ ಭಯಕ್ಕೆ ಉತ್ತರ ಹುಡುಕಲು ತಾಯಿಗೆ ಸಹಾಯ ಮಾಡಿ. ಮಗಳನ್ನು ಬದಲಾಯಿಸಿ ಆ ಭಯ ಕಳೆಯುತ್ತೇನೆ ಅನ್ನಬೇಡಿ.

ಚಿಕ್ಕಮ್ಮ ಕೇಳಿದ ಹಾಗೆ ನಾನು ತಂಗಿಗೆ ಫೋನ್ ಮಾಡಿದೆ. ಟೆರೇಸಿನ ಮೇಲೆ ಹೋಗಿ ಮಾತಾಡಿದಳು, ನೀರಿನ ಟ್ಯಾಂಕ್ ತುಂಬುವ ಸದ್ದು ಕೇಳುತ್ತಿತ್ತು. ಮೊದಲ ಮಾತೇ ಇದು. "ಅಕ್ಕ, ನೀನು ನಿಜವಾಗ್ಲೂ ಸರಿ ಹೋದ್ಯಾ?" ಅವಳ ದನಿಯಲ್ಲಿ ಕೋಪ ಇರಲಿಲ್ಲ. ಹೌದು ಅಂದರೆ ಅವಳು ನಂಬುತ್ತಿದ್ದಳು, ಹುಡುಗನನ್ನೂ ಒಪ್ಪಿಕೊಳ್ಳುತ್ತಿದ್ದಳು. ಅದು ನನಗೆ ಗೊತ್ತಾಯಿತು, ಕೈ ನಡುಗಿತು. ಇಲ್ಲ ಕಣೇ, ಸರಿ ಹೋಗುವಂಥದ್ದು ಏನೂ ಇರಲೇ ಇಲ್ಲ ಅಂದೆ. ಆಮೇಲೆ ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಅವಳು ಪ್ರೀತಿಸುವ ಹುಡುಗಿಯ ಬಗ್ಗೆ ಹೇಳಿದಳು, ಆ ಹುಡುಗಿಗೆ ಅಡುಗೆ ಬರುವುದಿಲ್ಲವಂತೆ, ಚಿತ್ರ ಚೆನ್ನಾಗಿ ಬಿಡಿಸುತ್ತಾಳಂತೆ. ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ಮಾತಾಡಿ.

ಚಿಕ್ಕಮ್ಮ ಇನ್ನೊಬ್ಬರಿಗೆ ತೋರಿಸಲೇಬೇಕು ಅಂತಿದ್ದಾರೆ. ತಂಗಿಯೂ ಒಪ್ಪಿದ್ದಾಳೆ, ಅಕ್ಕ ಬಂದರೆ ಮಾತ್ರ ಅಂತ. ಬರುವ ಶನಿವಾರ ಹನ್ನೊಂದೂವರೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಯಾವ ಡಾಕ್ಟರು ಅಂತ ನನಗೆ ಗೊತ್ತಿಲ್ಲ, ನಿಮ್ಮಲ್ಲೇ ಒಬ್ಬರು ಇರಬಹುದು. ನಾನು ಚಿಕ್ಕಮ್ಮನ ಜೊತೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಅವರು ಒಳಗೆ ಬರುತ್ತೇನೆ ಅಂತ ಏಳುತ್ತಾರೆ, ನಾನು ಕೈ ಹಿಡಿದು ಕೂರಿಸಿಕೊಳ್ಳುತ್ತೇನೆ. ನೀವು ಅವಳೊಬ್ಬಳನ್ನೇ ಒಳಗೆ ಕರೆಯಿರಿ.

ಇಂತಿ,
ಅವಳ ಅಕ್ಕ